ಮೊದಲು ಪಂಕ್ತಿ, ಆಮೇಲೆ ಪ್ರಶ್ನೆ

ಮಗಳೇ,

ಓದಲೆಂದು ಅಮೃತಸರಕ್ಕೆ ಹೊರಟಿದ್ದೀಯ. ಸ್ವರ್ಣಮಂದಿರಕ್ಕೆ ಹೋಗು ಅಂತ ಈ ಅಜ್ಜ ಹೇಳಬೇಕಾಗಿಲ್ಲ, ಹೋಗೇ ಹೋಗ್ತೀಯ. ಆದರೆ ಫೋಟೊ ಹೊಡೆದುಕೊಂಡು ಹೊರಬಂದರೆ ಕಟ್ಟಡ ನೋಡಿದಂತಾದೀತು, ಅಷ್ಟೆ. ಸಿಖ್ಖರ ನಂಬಿಕೆ ಬಾಯಿಗಿಂತ ಕೈಗೆ ಹೆಚ್ಚು ಕೆಲಸ ಕೊಡುವಂಥದ್ದು. ಅದನ್ನು ಮಾಡಿಯೇ ತಿಳಿಯಬೇಕು.

ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆ ತುಂಬ ದುಪಟ್ಟಾ ಹೊದ್ದು ಒಳಗೆ ನಡಿ. ಅಲ್ಲಿ ಗುಡಿಗೆ ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತಾರೆ. ಬಾಗಿಲು ನಾಲ್ಕೂ ದಿಕ್ಕಿಗಿವೆ. ಒಳಗೆ ಮೂರ್ತಿ ಹುಡುಕಬೇಡ. ದೇವರು ಒಬ್ಬನೇ, ಅವನಿಗೆ ಆಕಾರವಿಲ್ಲ, ಹುಟ್ಟಿಲ್ಲ ಎಂಬುದೇ ಗುರು ನಾನಕರ ಮೊದಲ ಪಾಠ. ಎಲ್ಲರೂ ಹಣೆ ಮುಟ್ಟಿಸುವುದು ಗುರು ಗ್ರಂಥ ಸಾಹಿಬ್‌ನ ಮುಂದೆ. ಐದನೆಯ ಗುರು ಅರ್ಜನ್ ದೇವ್ ಸಂಕಲಿಸಿದ ಗ್ರಂಥ 1604ರಲ್ಲಿ ಅಲ್ಲಿ ನೆಲೆಗೊಂಡಿತು. 1708ರಲ್ಲಿ ನಾಂದೇಡದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು, ತಮ್ಮ ನಂತರ ಗ್ರಂಥವೇ ಗುರು ಎಂದರು. ಅದಕ್ಕೇ ನಸುಕಿನಲ್ಲಿ ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಾರೆ, ಚಾಮರ ಬೀಸುತ್ತಾರೆ, ರಾತ್ರಿ ವಿಶ್ರಾಂತಿಗೆ ಕರೆದೊಯ್ಯುತ್ತಾರೆ. ಪುಸ್ತಕಕ್ಕೆ ಇಷ್ಟೊಂದು ಉಪಚಾರವೇ ಅಂತ ನಗಬೇಡ. ನೇಕಾರ ಕಬೀರ, ಸಿಂಪಿಗ ನಾಮದೇವ, ಚರ್ಮದ ಕೆಲಸದ ರವಿದಾಸ, ಸೂಫಿ ಶೇಖ್ ಫರೀದ್ ಇವರ ವಾಣಿಯೂ ಅದರೊಳಗಿದೆ. ಎಂಥ ದೊಡ್ಡವನೇ ಬಾಗಲಿ, ಇವರಿಗೂ ಬಾಗಿದಂತೆ.

ಆಮೇಲೆ ಎಲ್ಲರಿಗೂ ಊಟ ಹಾಕುವ ಲಂಗರ್‌ಗೆ ಹೋಗು. ಸಾಲಿನಲ್ಲಿ ನೆಲಕ್ಕೆ ಕೂರು. ರೊಟ್ಟಿ ಬಂದಾಗ ಎರಡೂ ಅಂಗೈ ಜೋಡಿಸಿ ಒಡ್ಡು. ಉಣ್ಣುವಷ್ಟೇ ಹಾಕಿಸಿಕೊ, ಬಿಸಾಡಬೇಡ. ಮೊದಲು ಪಂಕ್ತಿಯಲ್ಲಿ ಊಟ, ಆಮೇಲೆ ಗುರುಗಳ ಭೇಟಿ ಎಂಬ ನಿಯಮ ಮಾಡಿದವರು ಮೂರನೆಯ ಗುರು ಅಮರದಾಸರು. ಅಕ್ಬರ್ ಬಾದಶಹನೂ ಹಾಗೆ ಕೂತು ಉಂಡ ಎಂದು ಅವರಲ್ಲಿ ಹೇಳುತ್ತಾರೆ. ಉಂಡ ತಕ್ಷಣ ಕೈ ಒರೆಸಿಕೊಂಡು ಹೊರಡಬೇಡ. ಬೆಳ್ಳುಳ್ಳಿ ಸುಲಿಯುವವರ ಪಕ್ಕ ಹೋಗಿ ಕೂರು, ಇಲ್ಲವೇ ತಟ್ಟೆ ತಿಕ್ಕು. ನಿನ್ನ ಜಾತಿ ಯಾರೂ ಕೇಳುವುದಿಲ್ಲ, ಬಂದದ್ದಕ್ಕೆ ಉಪಕಾರವಾಯಿತು ಎಂದೂ ಹೇಳುವುದಿಲ್ಲ. ಸೇವೆಗೆ ಅಲ್ಲಿ ಅತಿಥಿ, ಯಜಮಾನ ಎಂಬ ಭೇದವಿಲ್ಲ.

ಬಿಟ್ಟಿ ಊಟ ಅಂತ ಮೆಚ್ಚುವವರು ಬಹಳ. ಅದರ ಹಿಂದಿನ ಬೆವರು ನೋಡು. ನಾಮ ಜಪಿಸು, ದುಡಿದು ಗಳಿಸು, ಹಂಚಿ ಉಣ್ಣು: ಮೂರೂ ಕೂಡಿದರೇ ಅವರ ಧರ್ಮ. ನಾನಕರೇ ಕೊನೆಗಾಲದಲ್ಲಿ ಕರ್ತಾರಪುರದಲ್ಲಿ ಬೇಸಾಯ ಮಾಡಿದರು. ಇಷ್ಟು ಕೇಳಿದರೆ ಬೀದರಿನವಳಾದ ನಿನಗೆ ಬಸವಣ್ಣ, ಕಾಯಕ, ದಾಸೋಹ ನೆನಪಾಗದೆ ಇರದು. ನೆನಪಾಗಲಿ. ಆದರೆ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಅಂತ ಬೀಗಬೇಡ. ಹಾಗೆಂದ ಕೂಡಲೇ ಕಲಿಯುವುದು ನಿಂತುಹೋಗುತ್ತದೆ.

ಇನ್ನೊಂದು ಮಾತು. ಸರ್ದಾರ್ಜಿ ಜೋಕುಗಳನ್ನು ಇಲ್ಲೇ ಬಿಟ್ಟು ಹೋಗು. ಕೇಶ, ಕಂಘಾ ಎಂಬ ಬಾಚಣಿಗೆ, ಕಡ ಎಂಬ ಬಳೆ, ಕಚ್ಛೆ, ಕಿರ್ಪಾಣ್ ಎಂಬ ಕತ್ತಿ ಇವೆಲ್ಲ ಅಮೃತದ ದೀಕ್ಷೆ ಪಡೆದವರಿಗೆ ವೇಷವಲ್ಲ, ವ್ರತ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕತ್ತಿ ಹಿರಿದು ‘ಯಾರು ತಲೆ ಕೊಡುತ್ತೀರಿ’ ಎಂದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನ ಕ್ಷೌರಿಕ ಮನೆತನದವರು, ಭಾಯಿ ಸಾಹಿಬ್ ಸಿಂಗ್. ಐವರಿಗೂ ಅಮೃತ ಕೊಟ್ಟ ಗುರುಗಳು ಆಮೇಲೆ ಅವರ ಕೈಯಿಂದಲೇ ತಾವೂ ಅಮೃತ ಪಡೆದರು. ಶಿಷ್ಯರ ಮುಂದೆ ಕೈ ಚಾಚಿದ ಗುರುವಿನ ಪರಂಪರೆ ಅದು. ನೀನು ಓದಿ ಎಷ್ಟೇ ದೊಡ್ಡವಳಾಗು, ಚಿಕ್ಕವರಿಂದ ಪಡೆಯಲು ನಾಚಬೇಡ.

ಆರಾಧನೆಯ ಕೊನೆಯಲ್ಲಿ ಅರ್ದಾಸ್‌ಗೆ ಎಲ್ಲರೂ ಎದ್ದು ಕೈಮುಗಿಯುತ್ತಾರೆ. ಆ ಪ್ರಾರ್ಥನೆ ಮುಗಿಯುವುದೇ ಸರ್ವರಿಗೂ ಒಳಿತಾಗಲಿ ಎಂಬ ಬೇಡಿಕೆಯಿಂದ. ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗ ಹೋಗಿ ನಿನ್ನ ಮಾರ್ಕ್ಸನ್ನಷ್ಟೇ ಕೇಳಿಕೊಂಡು ಬರಬೇಡ. ನಿನ್ನ ಜೊತೆ ಓದುವವರೂ ಪಾಸಾಗಲಿ ಅಂತ ಬೇಡಿಕೊ. ಬಂದು, ಅವರಿಗೆ ತಿಳಿಯದ ಪಾಠ ಹೇಳಿಕೊಡು.

ನಿನ್ನ ಅಜ್ಜ