ತೊಡೆಗೆ ಬಿದ್ದ ಏಟು: ‘ಗದಾಯುದ್ಧ’ದಲ್ಲಿ ನಿಯಮ ಮತ್ತು ನಿರ್ಣಾಯಕ

ಹರಿಪುರದಲ್ಲಿ ವಾರಣೆಯು ಕೃಷ್ಣೆಯನ್ನು ಕೂಡುವ ಸಂಗಮದ ದಂಡೆಯಲ್ಲಿ ಬೆಳೆದವನಿಗೆ ಕುಸ್ತಿಯ ಮಾತು ಮನೆಮಾತು. ಸಾಂಗಲಿ, ಮಿರಜ ಸೀಮೆಯ ಜಾತ್ರೆಗಳಲ್ಲಿ ಇಂದಿಗೂ ನಿಕಾಲಿ ಕುಸ್ತಿ ನಡೆಯುತ್ತದೆ. ಅಲ್ಲಿ ಅಂಕಗಳ ಲೆಕ್ಕವಿಲ್ಲ. ಬೆನ್ನು ಮಣ್ಣಿಗೆ ತಾಗಿದವನು ಸೋತ. ತಾಗಿತೋ ಇಲ್ಲವೋ ಎಂದು ಹೇಳುವವನು ಪಂಚ. ಐದರ ಸಂಖ್ಯೆಯನ್ನು ಹೊತ್ತ ಈ ಶಬ್ದ ನಮ್ಮ ಕಡೆಯ ಮರಾಠಿಯಲ್ಲೂ ಕನ್ನಡದಲ್ಲೂ ಒಬ್ಬನೇ ನಿರ್ಣಾಯಕನಿಗೆ ಸಲ್ಲುತ್ತಿರುವುದು ಸ್ವಾರಸ್ಯದ ಸಂಗತಿ.

ರನ್ನನ ‘ಗದಾಯುದ್ಧ’ವನ್ನು ಪಾಠ ಮಾಡುತ್ತಿದ್ದಾಗ, ದೂರದರ್ಶನದಲ್ಲಿ ರಗ್ಬಿ ನೋಡುವ ಹವ್ಯಾಸವಿದ್ದ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಭೀಮ ತೊಡೆಗೆ ಹೊಡೆದದ್ದು ಫೌಲ್ ಅಲ್ಲವೇ? ಅಲ್ಲಿ ಪಂಚ ಯಾರಿದ್ದರು?” ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಆ ದಿನ ನಾನು ಕೊಟ್ಟ ಉತ್ತರ ಸಾಲದಾಗಿತ್ತು. ಅದಕ್ಕಾಗಿ ಈ ಬರಹ.

ಮೊದಲು ಮೂಲಕಥೆಯನ್ನು ನೆನೆಯೋಣ. ವ್ಯಾಸಭಾರತದಲ್ಲಿ ಯುದ್ಧಕ್ಕೆ ಮುನ್ನ ಎರಡೂ ಪಕ್ಷದವರು ಕೂಡಿ ಒಪ್ಪಂದ ಮಾಡಿಕೊಳ್ಳುತ್ತಾರೆ: ರಥಿಕನೊಡನೆ ರಥಿಕನೇ ಕಾದಬೇಕು, ಆಯುಧ ಕಳೆದುಕೊಂಡವನನ್ನು ಕೊಲ್ಲಬಾರದು, ಇನ್ನೊಬ್ಬನೊಡನೆ ಹೋರಾಡುತ್ತಿರುವವನ ಮೇಲೆ ಬೀಳಬಾರದು. ನಿಯಮಗಳೇನೋ ಸ್ಪಷ್ಟ. ಆದರೆ ಅವು ಮುರಿದಾಗ ತಡೆಯುವವರು ಯಾರು ಎಂಬ ಮಾತು ಆ ಒಪ್ಪಂದದಲ್ಲಿ ಇಲ್ಲ. ಅಭಿಮನ್ಯುವನ್ನು ಹಲವರು ಮುತ್ತಿ ಕೊಂದರು. ಭೂರಿಶ್ರವನು ಸಾತ್ಯಕಿಯೊಡನೆ ಕಾದುತ್ತಿರುವಾಗ ಅರ್ಜುನನು ಪಕ್ಕದಿಂದ ಅವನ ತೋಳನ್ನು ಕಡಿದ. ಕರ್ಣನ ರಥದ ಗಾಲಿ ನೆಲದಲ್ಲಿ ಹೂತಿತ್ತು. ಪ್ರತಿಯೊಂದು ಭಂಗಕ್ಕೂ ಹಿಂದಿನ ಭಂಗವೇ ಸಮರ್ಥನೆಯಾಗುತ್ತ ಹೋಯಿತು.

ಹದಿನೆಂಟನೆಯ ದಿನ ಬಲರಾಮ ಬರುತ್ತಾನೆ. ಭೀಮ, ದುರ್ಯೋಧನ ಇಬ್ಬರಿಗೂ ಗದಾವಿದ್ಯೆಯ ಗುರು ಅವನು. ಯುದ್ಧದ ಗೊಡವೆ ಬೇಡವೆಂದು 42 ದಿನ ತೀರ್ಥಯಾತ್ರೆಯಲ್ಲಿದ್ದವನು. ಹೊಕ್ಕುಳ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮ ತನ್ನ ಕಣ್ಣೆದುರೇ ಮುರಿದಾಗ ಅವನು ಸಿಡಿದೆದ್ದು ನೇಗಿಲೆತ್ತುತ್ತಾನೆ. ಅವನು ಹೇಳಿದ್ದು ಅಕ್ಷರಶಃ ಸರಿ. ಆದರೂ ಕೃಷ್ಣನಿಗೆ ಅವನನ್ನು ತಡೆಯಲು ಸಾಧ್ಯವಾಗುತ್ತದೆ. ಭೀಮನ ಪ್ರತಿಜ್ಞೆಯನ್ನು ನೆನಪಿಸಿ, ಮೈತ್ರೇಯನ ಶಾಪವನ್ನು ಎತ್ತಿ ಸಮಾಧಾನ ಮಾಡುತ್ತಾನೆ. ನನಗೆ ತೋರುವಂತೆ, ಬಲರಾಮನ ಮಾತಿಗೆ ಬಲ ಬಾರದಿರಲು ಕಾರಣ ಬೇರೆ. ಇಡೀ ಪಂದ್ಯದಲ್ಲಿ ಮೈದಾನದ ಹೊರಗಿದ್ದ ಪಂಚ ಕೊನೆಯ ಗಳಿಗೆಯಲ್ಲಿ ಸೀಟಿ ಊದಿದರೆ, ಆ ಸೀಟಿ ನ್ಯಾಯವಾಗಿ ಕೇಳಿಸುವುದಿಲ್ಲ. ಒಬ್ಬನ ಮೇಲಿನ ಮುನಿಸಾಗಿ ಕೇಳಿಸುತ್ತದೆ. ಬಲರಾಮ ಭೀಮನನ್ನು ನಿಂದಿಸಿ ದ್ವಾರಕೆಗೆ ಹೊರಟುಹೋಗುತ್ತಾನೆ. ಶಿಕ್ಷೆಯಿಲ್ಲ, ಕ್ಷಮೆಯೂ ಇಲ್ಲ. ಅದೇ ರಾತ್ರಿ ಅಶ್ವತ್ಥಾಮ ಮಲಗಿದ್ದವರನ್ನು ಕೊಲ್ಲಲು ಹೊರಡುವಾಗ ಕೃಪನಿಗೆ ಕೊಡುವ ಕಾರಣವೂ ಇದೇ: ಧರ್ಮದ ಕಟ್ಟೆಯನ್ನು ಪಾಂಡವರೇ ಒಡೆದಾಗಿದೆ.

ಇನ್ನು ರನ್ನನ ಕಡೆ ಬರೋಣ. ಮುಧೋಳದ ಈ ಕವಿಯ ಸಂಕಟ ವಿಶೇಷವಾದದ್ದು. ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರೇ ಹೇಳುವಂತೆ ಕಾವ್ಯದ ನಾಯಕ ಭೀಮ. ಆ ಭೀಮನಲ್ಲಿ ಕವಿಯು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಸಮೀಕರಿಸಿದ್ದಾನೆ. ಅಂದರೆ ನಿಯಮ ಮುರಿದವನು ಕವಿಗೆ ಅನ್ನವಿಟ್ಟ ದೊರೆಯ ಪ್ರತಿರೂಪ! ಇಲ್ಲಿ ಪಂಚನಿಗೆ ಸಂಬಳ ಕೊಡುವವನೇ ಅಖಾಡದಲ್ಲಿದ್ದಾನೆ. ಇಂಥ ಕಡೆ ಎದುರಾಳಿಯನ್ನು ಕೇವಲ ದುಷ್ಟನನ್ನಾಗಿ ಚಿತ್ರಿಸಿಬಿಟ್ಟರೆ ಕೆಲಸ ಸುಲಭವಾಗುತ್ತಿತ್ತು. ರನ್ನ ಹಾಗೆ ಮಾಡಲಿಲ್ಲ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು, ಆ ಬಾಲಕನ ಪರಾಕ್ರಮವನ್ನು ಕೊಂಡಾಡಿ, ತನಗೂ ಅಂಥ ಮರಣ ಬರಲೆಂದು ಬಯಸುತ್ತಾನೆ. ತನ್ನ ಪಕ್ಷದವರು ಅನ್ಯಾಯವಾಗಿ ಕೊಂದ ಹುಡುಗನ ಮುಂದೆ ಅವನನ್ನು ನಿಲ್ಲಿಸುವುದು, ನಿಂತವನ ಬಾಯಿಂದ ಮೆಚ್ಚುಗೆಯನ್ನೇ ಆಡಿಸುವುದು: ಎರಡೂ ಪಕ್ಷಗಳ ಲೆಕ್ಕವನ್ನು ಒಂದೇ ಪುಟದಲ್ಲಿಡುವ ಕವಿಯ ಬಗೆ ಇದು. 1926ರಲ್ಲಿ ಬಿ.ಎಂ.ಶ್ರೀ. ಅವರು ಇದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರಚಿಸಿ ದುರ್ಯೋಧನನನ್ನು ದುರಂತನಾಯಕನಾಗಿ ಕಾಣಲು ಸಾಧ್ಯವಾದದ್ದು ರನ್ನನ ಈ ಔದಾರ್ಯದಿಂದಲೇ.

ಆ ವಿದ್ಯಾರ್ಥಿಯ ರಗ್ಬಿಗೆ ಬಂದರೆ, ಅಲ್ಲಿಯೂ ಈ ಚರ್ಚೆ ಹಳೆಯದು. 2002ರ ಯುರೋಪಿನ ಕ್ಲಬ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಲೆಸ್ಟರ್ ತಂಡದ ನೀಲ್ ಬ್ಯಾಕ್, ಮನ್‌ಸ್ಟರ್ ತಂಡದ ಪೀಟರ್ ಸ್ಟ್ರಿಂಗರ್ ಕೈಯಲ್ಲಿದ್ದ ಚೆಂಡನ್ನು ತಟ್ಟಿ ಬೀಳಿಸಿದ. ಆಟಗಾರರ ಗುಂಪಿನ ಆಚೆ ಬದಿಯಲ್ಲಿದ್ದ ರೆಫರಿಗೆ ಅದು ಕಾಣಲಿಲ್ಲ. ಲೆಸ್ಟರ್ 15–9ರಿಂದ ಗೆದ್ದಿತು. ಇದು ಕಾಣದೆ ಹೋದ ತಪ್ಪು. ಕಂಡ ತಪ್ಪಿಗೆ ಒಬ್ಬೊಬ್ಬ ರೆಫರಿ ಒಂದೊಂದು ಶಿಕ್ಷೆ ಕೊಡುವುದು ಇದಕ್ಕಿಂತ ಕಹಿಯಾದದ್ದು. ತಲೆಗೆ ತಾಗುವಂತೆ ಕೆಡಹಿದ ಆಟಗಾರನಿಗೆ ಒಂದು ಪಂದ್ಯದಲ್ಲಿ ಬರಿಯ ಪೆನಾಲ್ಟಿ, ಇನ್ನೊಂದರಲ್ಲಿ ಕೆಂಪು ಕಾರ್ಡು ಎಂಬ ದೂರು ಹೆಚ್ಚಿದಾಗ, 2019ರಲ್ಲಿ ವಿಶ್ವ ರಗ್ಬಿ ಸಂಸ್ಥೆ ರೆಫರಿಗಳು ಅನುಸರಿಸಬೇಕಾದ ಪ್ರಶ್ನೆಗಳ ಕ್ರಮವನ್ನೇ ಬರೆದುಕೊಟ್ಟಿತು: ತಲೆಗೆ ತಾಗಿತೇ, ಅಪಾಯ ಎಷ್ಟು, ಶಿಕ್ಷೆ ತಗ್ಗಿಸುವ ಕಾರಣವಿದೆಯೇ. ಇನ್ನೊಂದು ನಿಯಮವೂ ಉಂಟು. ಒಂದೇ ತಂಡ ತಪ್ಪುಗಳನ್ನು ಮರುಕಳಿಸುತ್ತಿದ್ದರೆ ರೆಫರಿ ಎಚ್ಚರಿಸುತ್ತಾನೆ. ಬಳಿಕ ತಪ್ಪಿದವನು ಹಳದಿ ಕಾರ್ಡಿನೊಡನೆ 10 ನಿಮಿಷ ಹೊರಗೆ. ಅವನ ಮಟ್ಟಿಗೆ ಅದು ಮೊದಲ ತಪ್ಪೇ ಆಗಿರಬಹುದು. ಇದು ಕಠಿಣವೆಂದು ಕಂಡರೂ ಅನ್ಯಾಯವಲ್ಲ, ಏಕೆಂದರೆ ಎಚ್ಚರಿಕೆ ಮೊದಲೇ ಸಂದಿದೆ. ಕುರುಕ್ಷೇತ್ರದಲ್ಲಿ ಇಲ್ಲದೆ ಹೋದದ್ದು ಆ ಎಚ್ಚರಿಕೆ.

ಇಷ್ಟು ಬರೆದ ಮೇಲೆ ನನ್ನದೊಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ವರ್ಷಗಳ ಹಿಂದೆ, ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಕಿರುಪರೀಕ್ಷೆಯೊಂದರಲ್ಲಿ ಚೀಟಿ ಇಟ್ಟುಕೊಂಡಿದ್ದ ನನ್ನ ಮೆಚ್ಚಿನ ವಿದ್ಯಾರ್ಥಿನಿಯನ್ನು ಗದರಿಸಿ ಬಿಟ್ಟೆ. ಮರುದಿನ ಅದೇ ತಪ್ಪಿಗೆ ಒಬ್ಬ ಹುಡುಗನ ಉತ್ತರಪತ್ರಿಕೆ ಕಸಿದು ವರದಿ ಬರೆದೆ. ಅವನು ತಪ್ಪನ್ನು ಅಲ್ಲಗಳೆಯಲಿಲ್ಲ. “ನಿನ್ನೆ ಯಾಕೆ ಬರೀಲಿಲ್ಲ ಸರ್?” ಎಂದಷ್ಟೇ ಕೇಳಿದ. ನನ್ನ ಬಳಿ ಮೈತ್ರೇಯನ ಶಾಪವೂ ಇರಲಿಲ್ಲ. ಅವನು ಮತ್ತೆ ನನ್ನ ತರಗತಿಗೆ ಬರಲಿಲ್ಲ.

ಮುಂದಿನ ವಾರದ ಚರ್ಚೆಗೆ ಎಲ್ಲರೂ ಅಭಿಮನ್ಯುವಿನ ಕಳೇಬರದ ಭಾಗವನ್ನೂ ಕೊನೆಯ ಕಾಳಗದ ಭಾಗವನ್ನೂ ಒಟ್ಟಿಗೆ ಓದಿ ಬನ್ನಿ. ಎರಡು ಪುಟ ಮೀರದಂತೆ ಇದಕ್ಕೆ ಉತ್ತರಿಸಿ: ಬಲರಾಮ ತೀರ್ಥಯಾತ್ರೆಗೆ ಹೋಗದೆ ಮೊದಲ ದಿನದಿಂದಲೇ ಪಂಚನಾಗಿ ನಿಂತಿದ್ದರೆ, ಅವನ ಮೊದಲ ಸೀಟಿ ಯಾರ ವಿರುದ್ಧ ಮೊಳಗಬೇಕಿತ್ತು? ಪದ್ಯದ ಆಧಾರವಿಲ್ಲದ ಉತ್ತರಕ್ಕೆ ಅಂಕವಿಲ್ಲ. ಈ ನಿಯಮ ಎಲ್ಲರಿಗೂ.