ಹದಿನಾಲ್ಕು ಗೆರೆ

ಅಕ್ಕಂದಿರೇ, ಇದು ಒಂದು ಮನೆಯ ಕಥೆ. ಓದಿ. ಪಕ್ಕದವರಿಗೂ ಓದಿ ಹೇಳಿ.

2020ನೇ ಇಸವಿ, ಜುಲೈ ತಿಂಗಳು. ಬೆಂಗಳೂರಿನಲ್ಲಿ ಕೊರೊನಾ ಜೋರಾಗಿತ್ತು. ಕೂಲಿಗೆ ಹೋದವರು ಗಂಟುಮೂಟೆ ಕಟ್ಟಿ ಊರಿಗೆ ಬರುತ್ತಿದ್ದರು. ಈ ಮನೆಯ ಮಗನೂ 9ನೇ ತಾರೀಕು ಬಂದ. ಮನೆಯಲ್ಲಿ ತಾಯಿ, ಹೆಂಡತಿ, ಮೂರು ವರ್ಷದ ಮಗಳು. ತಾಯಿಗೆ ವಯಸ್ಸಾಗಿತ್ತು. ಸಕ್ಕರೆ ಕಾಯಿಲೆಯೂ ಇತ್ತು.

ಬಾಗಿಲ ಹತ್ತಿರ ಬರುವಾಗ ಅವನಿಗೆ ಫೋನು ಬಂತು. ಜೊತೆಗೆ ಕೆಲಸ ಮಾಡುತ್ತಿದ್ದವನಿಗೆ ಕೊರೊನಾ! ಹಿಂದಿನ ದಿನ, 8ನೇ ತಾರೀಕು, ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದರು.

ಅವನು ಅಂಗಳದಲ್ಲೇ ನಿಂತ. ಮಗಳು ಓಡಿ ಬಂದಳು. “ಅವಳನ್ನ ಹಿಡ್ಕೊ” ಎಂದು ಹೆಂಡತಿಗೆ ಕೂಗಿದ.

ತಾಯಿಗೆ ಸಿಟ್ಟು ಬಂತು. “ನನ್ನ ಮಗ ಗುಂಡುಕಲ್ಲಿನ ಹಾಗೆ ಇದ್ದಾನೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಅವನನ್ನ ಹೊರಗೆ ಮಲಗಿಸೋದಾ?” ಎಂದರು.

ಆಶಾ ಕಾರ್ಯಕರ್ತೆ ಬಂದರು. ದೂರ ನಿಂತು ಬಿಡಿಸಿ ಹೇಳಿದರು.

“ಅಜ್ಜಿ, ಬೀಜ ಬಿತ್ತಿದ ದಿನವೇ ಮೊಳಕೆ ಕಾಣುತ್ತಾ? ಇದೂ ಹಾಗೇ. ರೋಗಾಣು ಮೈ ಸೇರಿದ ಮೇಲೆ 2ರಿಂದ 14 ದಿನದ ಒಳಗೆ ಜ್ವರ, ಕೆಮ್ಮು ಕಾಣಿಸ್ತವೆ. ಅವು ಕಾಣಿಸೋ ಮೊದಲೇ ಸೋಂಕು ಬೇರೆಯವರಿಗೆ ಹರಡಬಹುದು. ಅದಕ್ಕೇ ಚೆನ್ನಾಗಿ ಇದ್ದಾಗಲೇ ಬೇರೆ ಇರಬೇಕು.”

ಮನೆಯಲ್ಲಿ ಬೇರೆ ಕೋಣೆ ಇರಲಿಲ್ಲ. ಜಗಲಿಗೆ ಹಳೇ ಸೀರೆ ಕಟ್ಟಿ ಮರೆ ಮಾಡಿದರು. ತಟ್ಟೆ, ಲೋಟ, ಚಾಪೆ, ಟವೆಲ್ ಎಲ್ಲಾ ಬೇರೆ. ಹೆಂಡತಿ ಮೆಟ್ಟಿಲ ಮೇಲೆ ಊಟ ಇಟ್ಟು ದೂರ ಸರಿಯುತ್ತಿದ್ದಳು. ಇಬ್ಬರೂ ಮಾಸ್ಕ್ ಹಾಕುತ್ತಿದ್ದರು. ತಟ್ಟೆ, ಬಟ್ಟೆ ಅವನೇ ತೊಳೆಯುತ್ತಿದ್ದ. ಎಲ್ಲರೂ ಸೋಪು ಹಾಕಿ ಕೈ ತೊಳೆಯುತ್ತಿದ್ದರು.

ಹೆಂಡತಿ ಸಾಕ್ಷರತಾ ಕೇಂದ್ರದಲ್ಲಿ ಲೆಕ್ಕ ಕಲಿತಿದ್ದಳು. 8ಕ್ಕೆ 14 ಕೂಡಿಸಿದರೆ 22. ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆದಳು.

ಊರಲ್ಲಿ ಕೆಲವರು ಅವಳನ್ನು ನಲ್ಲಿ ಹತ್ತಿರ ಬಿಡಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ದಿನಾ ಎರಡು ಕೊಡ ನೀರು ತಂದು ಬೇಲಿ ಹತ್ತಿರ ಇಟ್ಟು ಹೋಗುತ್ತಿದ್ದಳು.

ಐದನೇ ಗೆರೆ ಎಳೆದ ದಿನ ಅವನಿಗೆ ಜ್ವರ ಬಂತು. ಪರೀಕ್ಷೆ ಮಾಡಿದರು. ಕೊರೊನಾ ಇತ್ತು. ಆರೈಕೆ ಕೇಂದ್ರಕ್ಕೆ ಕರೆದುಕೊಂಡು ಹೋದರು. ಗುಣವಾಗಿ ಬಂದ. ಮನೆಯವರಿಗೂ ಪರೀಕ್ಷೆ ಆಯಿತು. ಯಾರಿಗೂ ಸೋಂಕು ತಗುಲಿರಲಿಲ್ಲ.

“ಅವತ್ತು ನನ್ನ ಮಾತು ಕೇಳಿ ಒಳಗೆ ಬಂದಿದ್ರೆ...” ಎಂದರು ತಾಯಿ. ಮಾತು ಮುಗಿಸಲಿಲ್ಲ. ಮೊಮ್ಮಗಳನ್ನು ತಬ್ಬಿಕೊಂಡರು.

ನೆನಪಿಡಿ

• 14 ದಿನ ಎಂಬುದು 2020ರ ಕೊರೊನಾ ನಿಯಮ. ಎಲ್ಲ ರೋಗಕ್ಕೂ ಒಂದೇ ಲೆಕ್ಕ ಅಲ್ಲ. ಎಷ್ಟು ದಿನ ಬೇರೆ ಇರಬೇಕು ಎಂದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ.
• ಉಸಿರಾಡಲು ಕಷ್ಟವಾದರೆ ದಿನ ಎಣಿಸುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.
• ಬೇರೆ ಇರುವವರಿಗೆ ನೀರು, ಹಾಲು, ರೇಷನ್ ಬೇಕು. ಬಾಗಿಲ ಹತ್ತಿರ ಇಟ್ಟು ಬನ್ನಿ. ದೂರದಿಂದಲೇ ಮಾತಾಡಿಸಿ.

ಉತ್ತರ ಹೇಳಿ

1. ಜ್ವರ ಇಲ್ಲದಿದ್ದರೂ ಅವನು ಯಾಕೆ ಬೇರೆ ಮಲಗಿದ?
2. ಲೆಕ್ಕ ಮಾಡಿ: ರೋಗಿಯ ಜೊತೆ ಇದ್ದದ್ದು 3ನೇ ತಾರೀಕು. 14 ದಿನ ಯಾವತ್ತು ಮುಗಿಯುತ್ತದೆ?
3. ನಿಮ್ಮ ಓಣಿಯಲ್ಲಿ ಹೀಗಾದರೆ ನೀವು ಏನು ಮಾಡುತ್ತೀರಿ?

ಓದಿ, ಬರೆಯಿರಿ: ರೋಗಾಣು, ಸೋಂಕು, ಪರೀಕ್ಷೆ, ಆರೈಕೆ.