‘ಸಾಂಟರ್’: ಒಂದು ಕ್ರಿಯಾಪದದ ಅರ್ಥ ಮತ್ತು ಮೂಲ

ಆಂಗ್ಲಭಾಷೆಯಲ್ಲಿ ನಡಿಗೆಯನ್ನು ಸೂಚಿಸುವ ಕ್ರಿಯಾಪದಗಳು ಹಲವಾರು. ಅವುಗಳಲ್ಲಿ ‘ಸಾಂಟರ್’ ಎಂಬುದು ವಿಶಿಷ್ಟವಾದುದು. ಅವಸರವಿಲ್ಲದೆ ನಿರಾಳವಾಗಿ ಹೆಜ್ಜೆಯಿಡುತ್ತ ಸಾಗುವುದೆಂದು ಇದರ ಅರ್ಥ. ಕನ್ನಡದ ‘ಅಡ್ಡಾಡು’ ಎಂಬುದು ಇದಕ್ಕೆ ಸಮೀಪವಾದ ಪದ. ಸಂಜೆಯ ವೇಳೆ ಕೆರೆಯ ಏರಿಯ ಮೇಲೆ ಗಾಳಿಗಾಗಿ ಅಡ್ಡಾಡುವವನ ನಡಿಗೆಗೆ ಈ ಪದ ಒಪ್ಪುತ್ತದೆ. ಬಸ್ಸು ಹಿಡಿಯಲು ಧಾವಿಸುವವನಿಗೆ ಸಲ್ಲದು.

ಈ ಪದದ ಹುಟ್ಟನ್ನು ಕುರಿತು ಸೊಗಸಾದ ಕಥೆಯೊಂದುಂಟು. ಹಿಂದೆ ಯೂರೋಪಿನಲ್ಲಿ, ಕ್ರೈಸ್ತರ ಪವಿತ್ರಭೂಮಿಗೆ ಯಾತ್ರೆ ಹೊರಟಿರುವುದಾಗಿ ಹೇಳಿಕೊಂಡು ಊರೂರು ಅಲೆಯುತ್ತ ಭಿಕ್ಷೆ ಬೇಡುವವರಿದ್ದರಂತೆ. ಪವಿತ್ರಭೂಮಿಗೆ ಫ್ರೆಂಚ್ ಭಾಷೆಯಲ್ಲಿ ‘ಸ್ಯಾಂತ್ ತೇರ್’ ಎಂದು ಹೆಸರು. ಅದರಿಂದಲೇ ‘ಸಾಂಟರ್’ ಬಂದಿತೆಂಬುದು ಆ ಕಥೆ. ಸ್ಯಾಮ್ಯುಯೆಲ್ ಜಾನ್ಸನ್ನನು 1755ರ ತನ್ನ ನಿಘಂಟಿನಲ್ಲಿ ಇದನ್ನು ನಮೂದಿಸಿದನು. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1862ರಲ್ಲಿ ಪ್ರಕಟವಾದ ‘ವಾಕಿಂಗ್’ ಎಂಬ ಪ್ರಬಂಧದಲ್ಲಿ ಇದನ್ನು ಮೆಚ್ಚಿ ಬಳಸಿಕೊಂಡನು. ಆದರೆ ಭಾಷಾಶಾಸ್ತ್ರಜ್ಞರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಹಳೆಯ ಪ್ರಯೋಗಗಳಲ್ಲಿ ಈ ಪದಕ್ಕೆ ಚಿಂತೆಯಲ್ಲಿ ಮೈಮರೆಯುವುದೆಂಬ ಅರ್ಥವಿದ್ದಿತು. ನಡಿಗೆಯ ಅರ್ಥವು 17ನೆಯ ಶತಮಾನದಲ್ಲಿ ಬಂದುದು. ಯಾತ್ರೆಯಿಂದಲೇ ಹುಟ್ಟಿದ ಪದವಾಗಿದ್ದರೆ ಅಲೆದಾಟದ ಅರ್ಥವೇ ಮೊದಲು ಕಾಣಬೇಕಾಗಿದ್ದಿತು.

ಯಾತ್ರೆಯಿಂದ ಪದ ಹುಟ್ಟುವುದೇ ಇಲ್ಲವೆಂದಲ್ಲ. ಕುದುರೆಯ ಹದವಾದ ಓಟಕ್ಕೆ ಆಂಗ್ಲಭಾಷೆಯಲ್ಲಿ ‘ಕ್ಯಾಂಟರ್’ ಎನ್ನುತ್ತಾರೆ. ಇಂಗ್ಲೆಂಡಿನ ಕ್ಯಾಂಟರ್ಬರಿ ಕ್ಷೇತ್ರಕ್ಕೆ ಹೋಗುತ್ತಿದ್ದ ಯಾತ್ರಿಕರ ಕುದುರೆಗಳ ಓಟದಿಂದ ಈ ಹೆಸರು ಬಂದಿತು. ‘ಕ್ಯಾಂಟರ್ಬರಿ ಓಟ’ ಎಂಬ ಪೂರ್ಣರೂಪವೇ ಹಳೆಯ ಬರಹಗಳಲ್ಲಿ ದೊರೆಯುತ್ತದೆ. ಇದಕ್ಕೆ ಆಧಾರವುಂಟು, ಮೊದಲಿನದಕ್ಕೆ ಇರುವುದು ಧ್ವನಿಸಾಮ್ಯ ಮಾತ್ರ.

ಕನ್ನಡದಲ್ಲಿಯೂ ಧ್ವನಿಸಾಮ್ಯವು ಹೀಗೆ ದಾರಿ ತಪ್ಪಿಸುವುದುಂಟು. ಕುದುರೆಯ ‘ನಾಗಾಲೋಟ’ದಲ್ಲಿ ನಾಗರಹಾವಿನ ನೆನಪಾಗುವುದು ಸಹಜ, ವಾಸ್ತವವಾಗಿ ಅದು ನಾಲ್ಕು ಕಾಲಿನ ಓಟ. ‘ಹೊಳಲ್ಕೆರೆ’ ಎಂಬ ಹೆಸರಿನಲ್ಲಿ ‘ಹೊಳೆ’ ಎಂಬುದು ಕಿವಿಗೆ ಬೀಳುತ್ತದೆ. ಆದರೆ ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ‘ಪಾಲ್’ ಎಂಬುದು ‘ಹಾಲು’ ಆದಂತೆ, ಪಕಾರವು ಹಕಾರವಾಗಿ ‘ಪೊೞಲ್’ ಎಂಬುದು ‘ಹೊಳಲ್’ ಆಯಿತು.

ಆದುದರಿಂದ ವಿದ್ಯಾರ್ಥಿಗಳು ಪದವೊಂದರ ಮೂಲವನ್ನು ಅರಸುವಾಗ ಕಥೆಯ ಸೊಗಸಿಗೆ ಮಾರುಹೋಗದೆ, ಅದರ ಪ್ರಾಚೀನ ರೂಪವನ್ನೂ ಪ್ರಯೋಗವನ್ನೂ ಪರಿಶೀಲಿಸತಕ್ಕದ್ದು. ‘ಸಾಂಟರ್’ ಪದದ ಆದಿಮೂಲ ಇಂದಿಗೂ ನಿಶ್ಚಿತವಾಗಿಲ್ಲ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವುದೂ ವಿದ್ಯೆಯ ಒಂದು ಭಾಗವೇ ಆಗಿದೆ.